ಜೋಡು

ಎಂಟನೆಯ ಇಯತ್ತೆಯ ಪಾಠದ ಕೊನೆಗೆ
ಹೊಸ ಪದಗಳ ಚೌಕದಲ್ಲಿ ಇತ್ತು: ರೆವರೆನ್ಸ್.
ಆಳವಾದ ಗೌರವ, ಪೂಜ್ಯಭಾವ
ಎಂದು ಹಲಗೆಗೆ ಬರೆದು
ಕೈಗಂಟಿದ ಸುಣ್ಣ ಜಾಡಿಸಿಕೊಂಡೆ.

ಮೂರನೆಯ ಸಾಲಿನ ರೋಹಿಣಿ ಎದ್ದು ನಿಂತಳು.
"ಅಷ್ಟಕ್ಕ ರಿಸ್ಪೆಕ್ಟ್ ಅಂದ್ರ ಸಾಲಂಗಿಲ್ಲೇನ್ರಿ ಟೀಚರ್?"

ಸಾಲಂಗಿಲ್ಲ ಅಂದೆ. ಯಾಕ ಅಂತ ನನಗೂ ಗೊತ್ತಿರಲಿಲ್ಲ.
ಬಿಡುವಿನಲ್ಲಿ ದಪ್ಪ ನಿಘಂಟಿನ
ಹುಳ ತಿಂದ ಹಾಳೆ ಸರಿಸಿ ನೋಡಿದರೆ
ಆ ಮಾತಿನ ಬೇರು ಲ್ಯಾಟಿನ್ನಿನ ಅಂಜಿಕೆಯಲ್ಲಿದೆಯಂತೆ.
ನಗು ಬಂತು. ನಮ್ಮವ್ವ ದಿನಾ ಬಯ್ಯುತ್ತಿದ್ದದ್ದೇ ಅದು:
"ಭಯಭಕ್ತಿ ಇರಲಿ."
ಭಯ ಎಡಗಾಲಿಂದು, ಭಕ್ತಿ ಬಲಗಾಲಿಂದು.
ಒಂದನ್ನೇ ಮೆಟ್ಟಿಕೊಂಡು
ಯಾರೂ ಅಥಣಿಯ ಪೇಟೆ ದಾಟಿಲ್ಲ.

ವಾಕ್ಯದಲ್ಲಿ ಬಳಸಿರಿ ಎಂದಿದ್ದೆ.
ಮೂವತ್ತೊಂದು ವಹಿಗಳಲ್ಲಿ ದೇವರು, ಗುರು, ದೇಶ.
ರೋಹಿಣಿಯ ಇಂಗ್ಲಿಷು ಹೇಳಿತು:
ನಮ್ಮಪ್ಪ ತೊಗಲಿಗೆ ರೆವರೆನ್ಸ್ ಮಾಡುತ್ತಾನೆ.
ಕೆಂಪು ಮಸಿಯಲ್ಲಿ ಹೊಡೆದು ಹಾಕಿದೆ.
"ಇಂಗ್ಲಿಷಿನ್ಯಾಗ ಇದನ್ನ ಮಾಡಂಗಿಲ್ಲವಾ, ಹಿಡೀತಾರ."
"ಹಿಡೀತಾರ? ಯಾವ ಕೈಲೆ?"
ವರ್ಗವೆಲ್ಲ ನಕ್ಕಿತು. ಆಕೆ ನಗಲಿಲ್ಲ.

ಆಯ್ತವಾರ ಜೋಡು ಹೊಲಿಸಲು ಹೋದೆ.
ಲಗಮಣ್ಣನ ಪಡಸಾಲೆಯ ತುಂಬ
ಜಾಲಿಚಕ್ಕೆಯ ಒಗರು ವಾಸನೆ.
ಗೋಡೆಗೊರಗಿ ಅವನ ಹೆಂಡತಿ
ತೊಗಲಿನ ಎಳೆಗಳಿಗೆ ಹೆರಳು ಹಾಕುತ್ತಿದ್ದಳು,
ಸಾಲಿಗೆ ಹೊರಟ ಮಗಳಿಗೆ ಹಾಕುವಷ್ಟೇ ಅವಸರದಲ್ಲಿ.
ಅವ ರಂಪಿಗೆ ಬದಿಗಿಟ್ಟು
ಹಳೆಯ ದಿನಪತ್ರಿಕೆ ಹಾಸಿದ.
"ಇಡ್ರಿ ಟೀಚರ್, ಕಾಲು."

ಇಡಲಾಗಲಿಲ್ಲ.
ಅಕ್ಷರ.
ಚಿಕ್ಕಂದಿನಲ್ಲಿ ಪಾಟಿಗೆ ಕಾಲು ತಾಗಿದರೆ
ಮುಟ್ಟಿ ಕಣ್ಣಿಗೊತ್ತಿಕೊಳ್ಳುವ ತನಕ
ತುತ್ತು ಇಳಿಯುತ್ತಿರಲಿಲ್ಲ.
ಒಳಗಿಂದ ರೋಹಿಣಿ ಬಂದು
ತನ್ನ ವಹಿಯ ನಡುವಿನ ಖಾಲಿ ಜೋಡುಹಾಳೆ
ಪಿನ್ನಿನಿಂದ ಬಿಡಿಸಿ ಕೊಟ್ಟಳು.

ಲಗಮಣ್ಣ ಬಾಗಿದ, ನನಗಲ್ಲ, ಅಳತೆಗೆ.
ಎಡಗೈಲೆ ಹಿಮ್ಮಡ ಹಿಡಿದು
ಒಡೆದ ಬಿರುಕುಗಳ ಗುಂಟ ಪೆನ್ಸಿಲ್ ನಡೆಸಿದ.
ಕಿರುಬೆರಳ ಹತ್ತಿರ ಉಸಿರು ಬಿಗಿಹಿಡಿದ.
"ಎಡಗಾಲ ಒಂದ್ ನೂಲು ಗಿಡ್ಡ ಐತ್ರಿ,
ಯಾರೂ ಹೇಳಿಲ್ಲೇನು?"
ನಲವತ್ತಾರು ವರ್ಷ. ಯಾರೂ ಹೇಳಿರಲಿಲ್ಲ.

ನನ್ನ ಭಯ ಹಾಳೆಯದಾಗಿತ್ತು.
ಅವನದು, ಕೊಯ್ಯುವಾಗ ಕೈ ತಪ್ಪಿದರೆ ಎಂಬುದು.
ಒಂದು ಎಮ್ಮೆ ನಿಂತು ತೋಯಿಸಿಕೊಂಡ ಮಳೆ,
ಹೊಳೆಯಲ್ಲಿ ಮುಳುಗಿ ಕಳೆದ ಮಧ್ಯಾಹ್ನಗಳು,
ಬೆನ್ನ ಮೇಲೆ ಕೂತೆದ್ದ ಕಾಗೆಗಳ ಉಗುರು
ಎಲ್ಲ ಆ ತೊಗಲಿನಲ್ಲಿತ್ತು.
ಇನ್ನೊಮ್ಮೆ ಬೆಳೆಯುವುದಲ್ಲ ಅದು.

ರೋಹಿಣಿ ಅಪ್ಪನ ಎಡಗೈ ನೋಡಿದಳು.
ಆಮೇಲೆ ನನ್ನನ್ನು.

ಸೋಮವಾರ ಅವಳ ವಹಿ ತಿದ್ದಿಕೊಂಡು ಬಂತು,
ಹಿಡಿಯುತ್ತಾನೆ ಎಂದು.
ಕಾಗುಣಿತದಲ್ಲಿ ಒಂದಕ್ಷರ ಬಿಟ್ಟಿದ್ದಳು,
ಅರ್ಧ ಅಂಕ ಕಳೆದೆ. ನನ್ನ ಕಸುಬು ಅದು.

ಹದಿನೈದು ದಿನಕ್ಕೆ ಜೋಡು ಬಂತು.
ನಾಲ್ಕು ದಿನ ಕಚ್ಚಿತು.
"ಎಣ್ಣಿ ಹಚ್ಚಿ ಮೆಟ್ರಿ,
ಸಾವಕಾಶ ನಿಮ್ಮ ಕಾಲು ಕಲೀತೈತಿ ಅದು" ಅಂದಿದ್ದ.

ಎಡಗಾಲಿಂದು ಇನ್ನೂ ಕಲಿಯುತ್ತಿದೆ.