ಸಾಲ್ಮಿಯಾದ ಕ್ಲಿನಿಕ್ಕಿನಲ್ಲಿ, ಕನ್ನಡದಲ್ಲಿ

ಕೂತುಕೊಳ್ಳಿ ರೈಹಾನಾ. ಬೆಳಗಿನಿಂದ ಇದನ್ನೇ
ಅರಬಿಯಲ್ಲಿ ಮೂರು ಸಲ, ಮಲಯಾಳದಲ್ಲಿ ಒಂದು ಸಲ,
ಒಬ್ಬ ಇರಾನಿ ಹುಡುಗನಿಗೆ ಬರೀ ಕೈಸನ್ನೆಯಲ್ಲಿ ಹೇಳಿದ್ದೇನೆ.
ಕನ್ನಡದಲ್ಲಿ ಇದೇ ಮೊದಲು. ತಡವರಿಸಿದರೆ ನಗಬೇಡಿ.
ನಗಬೇಡಿ ಎನ್ನುವುದು ಪಟ್ಟಿಯಲ್ಲೂ ಇದೆ, ಆಮೇಲೆ ಬರುತ್ತದೆ.

ಮೊದಲ ದಿನ ನೋವಿಗಿಂತ ಬೇಜಾರು ಹೆಚ್ಚು.
ಮೂಗು ಇದ್ದೂ ಇಲ್ಲ. ಉಸಿರೆಲ್ಲ ಬಾಯಲ್ಲಿ,
ನಾಲಿಗೆ ಒಣಗಿ ಹಪ್ಪಳ.
ಎರಡು ದಿಂಬಿಟ್ಟು ಅಂಗಾತ ಮಲಗಬೇಕು.
ನೀವು ಮಗ್ಗುಲಾಗಿ ಮಲಗುವವರು,
ಕೆನ್ನೆಯ ಮೇಲೆ ದಿಂಬಿನ ಗೆರೆ ಇನ್ನೂ ಇದೆ.

ಮೂರನೆಯ ದಿನ ಕನ್ನಡಿ ನೋಡಬೇಡಿ.
ನೋಡುತ್ತೀರಿ. ಎಲ್ಲರೂ ನೋಡುತ್ತಾರೆ.
ಕಣ್ಣ ಕೆಳಗೆ ನೇರಳೆ ಜಜ್ಜಿದ ಬಣ್ಣ,
ಆಮೇಲೆ ಹಸಿರು, ಆಮೇಲೆ ಹಳದಿ,
ಹಣ್ಣಾಗುವುದು ಹೀಗೇ, ಹಿಂದುಮುಂದಾಗಿ.
ಲಿಫ್ಟಿನಲ್ಲಿ ಯಾರಾದರೂ
ಗಂಡ ಹೊಡೆದನೇ ಎಂಬಂತೆ ನೋಡಿದರೆ
ಮುಖ ಎತ್ತಿ ಪ್ಲಾಸ್ಟರ್ ತೋರಿಸಿ.
ಈ ಊರಿನಲ್ಲಿ ಅದಕ್ಕೊಂದು ಗತ್ತಿದೆ.

ಸೀನು ಬಂದರೆ ಬಾಯಿ ತೆರೆದು ಸೀನಿ.
ಮೂಗು ಸೀಟುವ ಹಾಗಿಲ್ಲ. ಕನ್ನಡಕವನ್ನು
ಟೇಪು ಹಾಕಿ ಹಣೆಗೆ ತೂಗುಬಿಡಿ.
ತೋಜ್ ಎದ್ದ ದಿನ ಕಿಟಕಿ ಸಂದಿಗೆ ಒದ್ದೆ ಟವೆಲು ತುರುಕಿ,
ಆ ಧೂಳಿಗೆ ಮನೆ ಯಾವುದು ಮೂಗು ಯಾವುದು ಗೊತ್ತಾಗುವುದಿಲ್ಲ.

ನಮಾಜು ಕುರ್ಚಿಯಲ್ಲಿ ಕೂತು.
ಡಾಕ್ಟರು ಹೇಳುವ ತನಕ ಮೂಗು ನೆಲಕ್ಕೆ ತಾಗಬಾರದು.
ಹೋದ ತಿಂಗಳು ಜಹ್ರಾ ಕಡೆಯ ಒಬ್ಬ ಮುದುಕರು,
ಒಂಟೆ ಒದ್ದ ಮೂಗು ನೆಟ್ಟಗೆ ಮಾಡಿಸಿಕೊಂಡವರು,
ಕೇಳಿದ್ದು ಎರಡೇ: ಸುಜೂದು ಯಾವಾಗ,
ತಮ್ಮನ ಮೂಗಿಗೆ ಮೂಗು ತಾಗಿಸಿ ಸಲಾಮು ಹೇಳುವುದು ಯಾವಾಗ.
ಎರಡಕ್ಕೂ ಒಂದೇ ಉತ್ತರ ಕೊಟ್ಟೆ.
ದೇವರು ಕಾಯುತ್ತಾನೆ, ತಮ್ಮ ಕಾಯುವವನಲ್ಲ, ಅಂದರು.

ಈಗ ನಿಮ್ಮ ಕೆಲಸದ ವಿಷಯ. ಮುಬಾರಕಿಯಾದಲ್ಲಿ ಅತ್ತರಿನಂಗಡಿ ಅಂದಿರಿ.
ಕೆಲವು ವಾರ ವಾಸನೆ ತಿಳಿಯುವುದಿಲ್ಲ.
ಊದೂ ಒಂದೇ, ಗುಲಾಬಿಯೂ ಒಂದೇ, ನಲ್ಲಿ ನೀರೂ ಒಂದೇ.
ಗಿರಾಕಿಯ ಮಣಿಕಟ್ಟಿಗೆ ಹಚ್ಚಿ
ಅವರ ಮುಖ ನೋಡಿ ನೀವು ತಿಳಿದುಕೊಳ್ಳಬೇಕು.
ಹೆಚ್ಚಿನವರಿಗೆ ಮರಳಿ ಬರುತ್ತದೆ.
ಹೆಚ್ಚಿನವರಿಗೆ ಅಂದೆ. ಸಹಿ ಹಾಕುವ ಮುಂಚೆ
ಆ ಒಂದು ಮಾತನ್ನು ಇನ್ನೊಮ್ಮೆ ಓದಿ.

ತುದಿಯ ಊತ ಒಂದು ವರ್ಷ ಉಳಿದೀತು,
ಕೆಲವರ ಮೂಗಿನ ತುದಿಯ ಸಿಟ್ಟಿನ ಹಾಗೆ.
ಸರಿಬಾರದಿದ್ದರೆ ಮತ್ತೊಮ್ಮೆ ಮಲಗಬೇಕು, ಅದರ ದಿನಾರು ಬೇರೆ.
ಇಷ್ಟೆಲ್ಲ ಆದಮೇಲೆ
ಯಾರೂ ಗಮನಿಸದಿರಬಹುದು. ಇದನ್ನು ಪಟ್ಟಿಯಲ್ಲಿ ಬರೆದಿಲ್ಲ.
ಕೂದಲು ಕತ್ತರಿಸಿದೆಯಾ, ಚೆನ್ನಾಗಿ ನಿದ್ದೆ ಬಂತಾ,
ಅಷ್ಟೇ ಕೇಳುತ್ತಾಳೆ ರೂಮಿನವಳು.
ಏರ್‌ಪೋರ್ಟಿನ ಯಂತ್ರ ಮಾತ್ರ ಒಂದು ಗಳಿಗೆ ತಡೆದು
ಹಳೆಯ ನಿಮ್ಮನ್ನು ಹುಡುಕಬಹುದು.

ಯಾಕೆಂದು ಕೇಳುವುದು ನನ್ನ ಕೆಲಸವಲ್ಲ.
ಅವಳೇ ಹೇಳಿದಳು, ಪೆನ್ನಿನ ಮುಚ್ಚಳ ತಿರುವುತ್ತ:
ಶಾಲೆಯಲ್ಲಿ ಗಿಳಿ ಅಂದರು. ನೋಡಲು ಬಂದವರು
ಏನೂ ಅನ್ನದೆ ಚಹಾ ಕುಡಿದು ಎದ್ದರು.
ಅದಕ್ಕೆಲ್ಲ ಅಲ್ಲ ಸಿಸ್ಟರ್.
ಹನ್ನೊಂದು ವರ್ಷದ ಸಂಬಳದಲ್ಲಿ
ತಂಗಿಯರ ಬಂಗಾರ ಬಂತು, ಬಾವಿಗೆ ಪಂಪು ಬಂತು, ತಮ್ಮನ ಆಟೋ ಬಂತು.
ನನ್ನದು ಅಂತ ಒಂದು
ಊರಿಗೆ ಕಳಿಸಲಾಗದಂಥದ್ದು ಬೇಕಿತ್ತು.

ಕಾಗದ ಅವಳ ಕಡೆ ತಳ್ಳಿದೆ. ಬೆಲ್ಮಣ್ಣಿನ ಹೆಂಚಿನ ಮನೆಗೆ
ನಾನೂ ಪ್ರತಿ ತಿಂಗಳು ಒಂದನೇ ತಾರೀಕು
ಸಾಲಿನಲ್ಲಿ ನಿಂತು ಕಳಿಸುತ್ತೇನೆ. ಅದನ್ನು ಹೇಳಲಿಲ್ಲ.
ಗಟ್ಟಿಯಾಗಿ ನಗುವುದು ಆರು ವಾರ ಬೇಡ, ಅಂದೆ. ಹೊಲಿಗೆ ಎಳೆಯುತ್ತದೆ.

ಐದನೆಯ ವಾರ, ರಾತ್ರಿ ಹನ್ನೊಂದೂವರೆಗೆ ಫೋನು.
ಅಂಗಡಿಯಲ್ಲಿ ಅಲ್ಲ ಸಿಸ್ಟರ್, ಮೆಟ್ಟಿಲ ಮೇಲೆ,
ಎರಡನೇ ಮಹಡಿ ದಾಟುವಾಗ
ಯಾರದೋ ಬಾಣಲೆಯಲ್ಲಿ ಬೂತಾಯಿ ಹುರಿಯುವ ವಾಸನೆ,
ಸ್ವಲ್ಪ ಸೀದಿದೆ ಕೂಡ,
ಅಲ್ಲೇ ಕೂತುಬಿಟ್ಟಿದ್ದೇನೆ. ಲೈಟು ಆರಿಹೋಗಿದೆ.
ಈಗ ನಗಬಹುದಾ?

ಪಟ್ಟಿ ನೋಡಿದೆ. ಇನ್ನೂ ಎಂಟು ದಿನ.
ಸ್ವಲ್ಪ, ಅಂದೆ.