ಒಂದು, ಮೂರು, ಎರಡು

ಆರ್‌ಸಿ ಪುಸ್ತಕದಲ್ಲಿ ಅದರ ಜಾತಕ ಇಷ್ಟೇ:
ಏಳುನೂರ ತೊಂಬತ್ತಾರು ಸಿಸಿ, ಪೆಟ್ರೋಲು,
ಸಿಲಿಂಡರ್ ಮೂರು, ಸೀಟು ನಾಲ್ಕು,
ಬಣ್ಣ ಬಿಳಿ ಎಂದಿದೆ. ಅದು ಯಾವ ಕಾಲದ ಮಾತೋ.

ಉಳಿದದ್ದನ್ನು ಇಕ್ರಾಮ್ ಉಸ್ತಾದ್ ಹೇಳಿದರು,
ಹುಮನಾಬಾದ್ ರಿಂಗ್ ರಸ್ತೆಯ ತಗಡಿನ ನೆರಳಲ್ಲಿ,
ಸ್ಕ್ರೂಡ್ರೈವರಿನ ಹಿಡಿ ಹಲ್ಲಲ್ಲಿ ಕಚ್ಚಿಕೊಂಡು.

ಅವರಿಗೆ ಕಿವಿ ಹೋಗಿ ಹನ್ನೊಂದು ವರ್ಷ.
ಮರದ ಹಿಡಿ ಹಲ್ಲಿಗೆ, ಉಕ್ಕಿನ ತುದಿ ಎಂಜಿನ್ನಿಗೆ,
ದವಡೆಯ ಎಲುಬಿನೊಳಗೆ ಏನು ಬಂತೋ
ಕಣ್ಣು ಮುಚ್ಚಿ ಬೆರಳು ಮಡಿಚಿದರು:
ಒಂದು.
ಮೂರು.
ಆಮೇಲೆ ಮಡಿಚಬೇಕಾದ ಬೆರಳು
ಹಾಗೇ ನಿಂತಿತು, ಗಾಳಿಯಲ್ಲಿ.

"ಇದರ ಪಾಳಿ ಒಂದು, ಮೂರು, ಎರಡು, ಬಾಯಿ.
ಎರಡು ಬರೇ ಹಾಜರಿ ಹಾಕ್ತದ, ಕೆಲಸ ಮಾಡಂಗಿಲ್ಲ.
ನಿಮ್ಮ ಸಾಲ್ಯಾಗೂ ಇರ್ತಾರಲ್ಲ ಅಂಥವ್ರು."

ನನ್ನ ಸಾಲಿ ಅಂದರೆ ಈ ಕಾರೇ.
ಮುಂದೊಂದು ಹಿಂದೊಂದು ಕೆಂಪು 'ಎಲ್',
ನನ್ನ ಕಾಲ ಕೆಳಗೂ ಒಂದು ಬ್ರೇಕು.
ಆರು ವರ್ಷದಲ್ಲಿ ನಾಲ್ಕುನೂರ ಮೂವತ್ತು ಮಂದಿ:
ದಾಲ್ ಮಿಲ್ಲಿನ ಮುನೀಮರು, ಜಿಮ್ಸ್ ಆಸ್ಪತ್ರೆಯ ನರ್ಸುಗಳು,
ಚಪ್ಪಲಿ ಬಿಚ್ಚಿಟ್ಟು, ಕೈಮುಗಿದು ಚಾವಿ ತಿರುವಿದ ಒಬ್ಬ ಅಜ್ಜ.
ಅವರೆಲ್ಲರ ಹೆದರಿಕೆ ಅರ್ಧ ಕ್ಲಚ್ಚಿನಲ್ಲಿ ಸುಟ್ಟು
ಒಳಗೆ ಸದಾ ಸೀದ ರೊಟ್ಟಿಯ ವಾಸನೆ.

ಪ್ಲಗ್ಗು ಬಿಚ್ಚಿ ಕಂಪ್ರೆಷನ್ ನೋಡಿದರು.
ಒಂದರಲ್ಲಿ ನೂರಾ ಎಂಬತ್ತು. ಮೂರರಲ್ಲಿ ನೂರಾ ಎಪ್ಪತ್ತೈದು.
ಎರಡರಲ್ಲಿ ಮುಳ್ಳು ಅರವತ್ತಕ್ಕೇ ಸುಸ್ತು.
ಒಂದು ಚಮಚ ಆಯಿಲ್ ಹನಿಸಿ ಮತ್ತೆ ತಿರುವಿದರು,
ಮುಳ್ಳು ಏಳಲಿಲ್ಲ. ಎದ್ದಿದ್ದರೆ ರಿಂಗು ಸವೆದಿದೆ ಎಂದರ್ಥ.

ಹೆಡ್ಡು ಕಳಚಿ ಶಹಾಬಾದಿ ಪರಸಿಯ ಮೇಲೆ ಬೋರಲು ಹಾಕಿದರು.
ಮನೆಯ ನೆಲ, ಒಲೆಕಟ್ಟೆ, ಬಚ್ಚಲು, ಎಲ್ಲಕ್ಕೂ ಅದೇ ಕಲ್ಲು ನಮ್ಮಲ್ಲಿ;
ಈ ತುಂಡನ್ನು ಮಾತ್ರ ವಾರಗಟ್ಟಲೆ ಉಜ್ಜಿ
ಕನ್ನಡಿಯ ಮಟ್ಟಕ್ಕೆ ತಂದಿದ್ದರಂತೆ ಅವರ ಅಬ್ಬಾ.
ತೆಳ್ಳನೆಯ ಗೇಜಿನ ಎಲೆ ಯಾವ ಅಂಚಿಗೂ ನುಸುಳಲಿಲ್ಲ.
ಹೆಡ್ಡು ಬಾಗಿರಲಿಲ್ಲ.
ಮೇ ತಿಂಗಳ ನಲವತ್ನಾಲ್ಕು ಡಿಗ್ರಿ, ಬೋರಿನ ನೀರು,
ಸುಣ್ಣ ಕಟ್ಟಿದ ರೇಡಿಯೇಟರು, ಇಷ್ಟನ್ನೂ ತಿಂದು
ಬಾಗಿರಲಿಲ್ಲ. ನಾನು ಅದರ ಬೆನ್ನು ತಟ್ಟಬೇಕೆಂದಿದ್ದೆ.

ಆಗ ಎರಡನೆಯ ವಾಲ್ವು ತೆಗೆದು ಅಂಗೈಯಲ್ಲಿಟ್ಟರು.
ಇಲಿ ಕಡಿದ ರೊಟ್ಟಿಯ ಹಾಗೆ ಒಂದು ಅಂಚೇ ಇಲ್ಲ.

"ಇದರ ಸಂದು ಯಾರು ಬಿಗಿ ಮಾಡ್ಯಾರ?"

ನಾನೇ. ಹೋದ ದಸರೆಗೆ, ಬೇರೆ ಗ್ಯಾರೇಜಿನಲ್ಲಿ.
ಮೇಲಿನಿಂದ ಟಕಟಕ ಅನ್ನುತ್ತಿತ್ತು,
ಕಲಿಯುವವರು ಬೆಚ್ಚುತ್ತಿದ್ದರು,
ಹೊಸ ಸ್ಕೂಲುಗಳ ಕಾರು ಸದ್ದೇ ಮಾಡುತ್ತಿರಲಿಲ್ಲ.
ಬಂದ್ ಮಾಡ್ರಿ ಅಂದೆ. ಬಂದ್ ಆಯಿತು.
ಎಂಥ ಮೆತ್ತಗೆ ಓಡಿತೆಂದರೆ ಪೇಢೆ ಹಂಚಿದ್ದೆ.

ಉಸ್ತಾದ್ ಬೈಯಲಿಲ್ಲ. ಗೇಜಿನ ಒಂದು ಎಲೆ ಬಿಡಿಸಿ
ನನ್ನ ಉಗುರಿಗೆ ತಾಗಿಸಿದರು:
"ಪಾಯಿಂಟ್ ಒಂದೈದು. ಇಷ್ಟೇ ಜಾಗ ಬೇಕಿತ್ತು ಅದಕ.
ಕಾದ ಮ್ಯಾಲ ಕಬ್ಬಿಣ ಬೆಳೀತದ, ಬಾಯಿ.
ಜಾಗ ಕೊಡಲಿಲ್ಲ ಅಂದ್ರ ಬಾಯಿ ಮುಚ್ಚಂಗಿಲ್ಲ,
ಬೆಂಕಿ ಅಂಚಿನಾಗೇ ಹಾದು ಹೋಗ್ತದ."
ಸದ್ದು ಕೇಳದ ಮನುಷ್ಯ
ಸದ್ದಿನ ಪರವಾಗಿ ಇಷ್ಟು ಮಾತಾಡಿದ್ದು ಅವತ್ತೊಂದೇ ದಿನ.

ನಾಲ್ಕು ಸಾವಿರದ ಇನ್ನೂರು ಬಿಲ್ಲು. ಇನ್ನೂರು ಬಿಟ್ಟರು.
ಸುಟ್ಟ ವಾಲ್ವು ನನ್ನ ಮೇಜಿನ ಮೇಲೆ,
ಲೈಸೆನ್ಸಿನ ಅರ್ಜಿಗಳು ಫ್ಯಾನಿನ ಗಾಳಿಗೆ ಹಾರದಂತೆ.

ಇಂದು ಬೆಳಿಗ್ಗೆ ಹೀರಾಪುರ ಕ್ರಾಸಿನಲ್ಲಿ
ರುಕ್ಮಾಬಾಯಿ, ಐವತ್ತೊಂದು, ಮೂರನೇ ದಿನದ ಕ್ಲಾಸು,
ಸ್ಟೀರಿಂಗಿಗೆ ನೇತುಬಿದ್ದು ಕೇಳಿದರು:
"ಮ್ಯಾಡಂ, ಮುಂದ ಏನೋ ಟಕಟಕ ಅನ್ಲಾಕತ್ತದಲ್ರಿ?"

"ಅನ್ನಲಿ ಬಿಡ್ರಿ.
ಕ್ಲಚ್ ಒತ್ರಿ. ಎರಡಕ್ಕ ಹಾಕ್ರಿ."