ಎರಡೂವರೆ ಗ್ರಾಂ

ತಪ್ಪು ನನ್ನದೇ. ಮುಳ್ಳು ಕೆಂಪಿಗೆ ಹೋದದ್ದು ಕಂಡಿತ್ತು.
ಹಿಂದಿನ ಸೀಟಿನಲ್ಲಿ ಇನ್ನೂರು ಲವಾಶ್ ರೊಟ್ಟಿ, ಹೊಗೆಯಾಡುವ ಬಿಸಿ;
ಅಶೋತ್ಸ್ಕಿನ ಏರು ಇನ್ನು ಎರಡೇ ತಿರುವು,
ಎಳೆದೀತು ಅಂದುಕೊಂಡೆ.
ಎಳೆಯಿತು. ಒಂದೂವರೆ ತಿರುವು.
ಆಮೇಲೆ ಬಿಳಿ ಹೊಗೆ, ಕಬ್ಬಿಣ ಹಲ್ಲು ಕಡಿದ ಸದ್ದು,
ಆಮೇಲೆ ಗ್ಯುಮ್ರಿಯ ತನಕ ಹುಲ್ಲಿನ ಲಾರಿಯ ಹಿಂದೆ
ಹಗ್ಗ ಕಟ್ಟಿಸಿಕೊಂಡು, ಹರಕೆಯ ಕುರಿಯ ಹಾಗೆ.

ಇನ್ನೊಂದು ಇಂಜಿನ್ನಿಗೆ ಮೂರು ಲಕ್ಷ ದ್ರಾಮ್ ಅಂದರು.
ಇಡೀ ಲಾಡಾಕ್ಕೇ ಅಷ್ಟು ಬೆಲೆಯಿಲ್ಲ.
ಹಿಟ್ಟಿನ ಡಬ್ಬಿಯಲ್ಲಿ ಎಂಬತ್ತೊಂದು ಸಾವಿರ,
ಅದರಲ್ಲಿ ಹನ್ನೆರಡು ಗ್ಯಾಸಿನ ಬಿಲ್ಲಿನದು.

ವರಾಜ್ದಾತ್ ಬಂದ. ನೇಯ್ಗೆ ಗಿರಣಿಯಲ್ಲಿ ಲೇತ್ ನಡೆಸಿದವನು;
ಗಿರಣಿ ನೆಲಕಚ್ಚಿ ಮೂವತ್ತು ವರ್ಷ,
ಕೈ ಮಾತ್ರ ಇನ್ನೂ ಪಾಳಿ ಬಿಟ್ಟಿಲ್ಲ.
ಸಿಲಿಂಡರಿನೊಳಗೆ ಉಗುರು ಎಳೆದು ನೋಡಿದ:
'ಉಗುರು ತೊಡರಿದರೆ ಗುಜರಿ. ತೊಡರದಿದ್ದರೆ ಮಾತಾಡೋಣ.'
ನಾಲ್ಕು ಸಲ ಎಳೆದ. ನಾನು ನಾಲ್ಕು ಸಲ ಉಸಿರು ಹಿಡಿದೆ.
'ಮಾತಾಡೋಣ' ಅಂದ.

ಮೈದಾ ಚೀಲದ ಬೆನ್ನ ಮೇಲೆ ಪಟ್ಟಿ ಬರೆದೆವು.
ಗ್ಯಾಸ್ಕೆಟ್ ಹೊಸದು: 'ಇದರಲ್ಲಿ ಜಿಪುಣತನ ಬೇಡ, ಸಾತೆನಿಕ್.'
ರಿಂಗುಗಳು ಹೊಸವು. ಬೇರಿಂಗ್ ಹಳೆಯವೇ,
ತೊಳೆದು, ಬೆಳಕಿಗೆ ಹಿಡಿದು, ದೇವರಿಗೆ ಬಿಟ್ಟು.
ಡೊಂಕಾದ ಹೆಡ್ಡಿಗೆ ಮಟ್ಟ ಎಲ್ಲಿಂದ ತರುವುದು?
ಅತ್ತೆಯ ಬೀರುವಿನ ದಪ್ಪ ಗಾಜು ಕಳಚಿದೆ,
ಅದರ ಮೇಲೆ ಮರಳು ಕಾಗದ, ಮೇಲೆ ಸೀಮೆಎಣ್ಣೆ,
ಎಂಟರ ಆಕಾರದಲ್ಲಿ ಎರಡು ದಿನ ಉಜ್ಜಿದೆ.
ಹಿಟ್ಟು ನಾದಿದ ತೋಳು. ಇದಕ್ಕೂ ಬಂತು.

ಮೂರನೆಯ ಪಿಸ್ಟನ್ ಸಿಕ್ಕಿದ್ದು ಶಾಲೆಯ ಹಿಂದೆ
ಕೋಳಿಗಳು ಮೊಟ್ಟೆಯಿಡುತ್ತಿದ್ದ ಕಾರಿನಲ್ಲಿ.
ಅಳತೆ ಸರಿ, ತೂಕ ಹದಿನಾಲ್ಕು ಗ್ರಾಂ ಹೆಚ್ಚು.
'ನಾಲ್ಕರ ನಡುವೆ ಎರಡೂವರೆ ಗ್ರಾಮಿಗಿಂತ ಹೆಚ್ಚು
ವ್ಯತ್ಯಾಸ ಇರಕೂಡದು. ಇದ್ದರೆ ಜೀವಮಾನವಿಡೀ ನಡುಗುತ್ತದೆ.'
ಯೀಸ್ಟ್ ತೂಗುವ ನನ್ನ ಪುಟ್ಟ ತಕ್ಕಡಿ ತಂದೆ.
ಒಳಮಗ್ಗುಲಲ್ಲಿ ಅರ ಆಡಿಸುವುದು, ಊದುವುದು, ತೂಗುವುದು;
ಅರ, ಊದು, ತೂಗು.
ತಟ್ಟೆಯಲ್ಲಿ ಬೆಳ್ಳಿಯ ಹುಡಿ, ಚಿಟಿಕೆ ಉಪ್ಪಿನಷ್ಟು.
ನಡುರಾತ್ರಿ ಮೂರು ಗ್ರಾಮಿಗೆ ಬಂದಾಗ ನಾನಂದೆ: ಸಾಕಲ್ಲವೇ?
ಅವನು ನನ್ನನ್ನೇ ನೋಡಿದ,
ಕೆಂಪು ಮುಳ್ಳಿನ ಕಥೆ ಅವನಿಗೆ ನಾನೇ ಹೇಳಿದ್ದೆ.
ಅರ ಎತ್ತಿಕೊಂಡೆ.

ಬೋಲ್ಟು ಬಿಗಿಯಲು ಅಳತೆಯ ಪಾನಾ ಇಲ್ಲ.
ಒಂದು ಮೀಟರ್ ಕೊಳವೆ, ಅದರ ತುದಿಗೆ
ಪಕ್ಕದ ಮನೆಯ ಆರುಸ್ಯಾಕ್ ಚೀಸ್ ತೂಗುವ ಸ್ಪ್ರಿಂಗ್ ತಕ್ಕಡಿ.
ನಾನು ಎಳೆಯುವವಳು, ಮಗ ಗೆಘಾಮ್ ದೀಪ ಹಿಡಿದು ಕೂಗುವವನು:
ಒಂಬತ್ತು... ಹತ್ತು... ಹನ್ನೊಂದು, ಅಮ್ಮಾ ನಿಲ್ಲು!
ನಡುವಿನಿಂದ ಹೊರಕ್ಕೆ ಹತ್ತು ಸಲ ನಿಂತೆ.

ಮೊದಲ ಸಲ ಕೆಮ್ಮಿತು. ಎರಡನೆಯ ಸಲ ಕೆಮ್ಮಲೂ ಇಲ್ಲ.
ಮೂರನೆಯ ಸಲ ಹೊತ್ತಿಕೊಂಡಿತು; ಆಯಿಲ್ ದೀಪ ಮಾತ್ರ
ಆರಲೊಲ್ಲದು. ಒಂದು. ಎರಡು. ಮೂರು. ನಾಲ್ಕು.
ಆರಿತು.
ವರಾಜ್ದಾತ್ ಟೋಪಿ ತೆಗೆದು, ಉದ್ದನೆಯ ಸ್ಕ್ರೂಡ್ರೈವರ್
ಇಂಜಿನ್ನಿಗೊಂದು ತುದಿ, ಕಿವಿಗೊಂದು ತುದಿ ಇಟ್ಟು ಆಲಿಸಿದ.
'ಆ ಕೋಳಿಗೂಡಿನದು ಸ್ವಲ್ಪ ವಾಚಾಳಿ.
ಬೇಸಿಗೆಯ ಹೊತ್ತಿಗೆ ಹೊಂದಿಕೊಳ್ಳುತ್ತದೆ.'

ಉಳಿದದ್ದು ಏಳುನೂರು ದ್ರಾಮ್.
ಕೂಲಿಯ ಸಾಲು ಪಟ್ಟಿಯಲ್ಲಿ ಇರಲೇ ಇಲ್ಲ; ಇಬ್ಬರಿಗೂ ಗೊತ್ತಿತ್ತು.
ಶನಿವಾರ ಶನಿವಾರ ಐದು ಲವಾಶ್ ಅಂದ,
ಅಂಚು ಕರಿದಾದದ್ದೇ ಬೇಕಂತೆ.

ಸಾವಿರ ಕಿಲೋಮೀಟರ್ ತನಕ ವೇಗ ಐವತ್ತು ದಾಟುವಂತಿಲ್ಲ.
ಎಲ್ಲರೂ ನನ್ನನ್ನು ದಾಟಿ ಹೋಗುತ್ತಾರೆ:
ಬಸ್ಸು, ಪಾದ್ರಿಯ ಜೀಪು,
ನಿನ್ನೆ ಅದೇ ಹುಲ್ಲಿನ ಲಾರಿ, ಹಾರ್ನ್ ಹೊಡೆದು, ಕೈಬೀಸಿ.
ರೊಟ್ಟಿ ಆರುತ್ತದೆ. ಅಂಗಡಿಯವರು ಬೈಯುತ್ತಾರೆ.
ನನ್ನ ಕಣ್ಣು ರಸ್ತೆಯ ಮೇಲೆ ಅರ್ಧ,
ಮುಳ್ಳಿನ ಮೇಲೆ ಅರ್ಧ.